ದಾಖಲಾ ಮೀಮಾಂಸೆ ಅಥವಾ ಜೂನ್ 1ರಂದು ಹುಟ್ಟಿದವರ ಪಾಸ್‌ಪೋರ್ಟ್ ಶಾಸ್ತ್ರ

ಪಾಸ್‌ಪೋರ್ಟ್ ಶಾಸ್ತ್ರದ ಆದಿಗ್ರಂಥ ಸಿಕ್ಕಿದ್ದು ಮೈಸೂರಿನಲ್ಲಿ. ಅಲ್ಲಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಹಸ್ತಪ್ರತಿಯಿಂದ ಎತ್ತಿ 1909ರಲ್ಲಿ ಅಚ್ಚಿಗೆ ತಂದಾಗ, ಲೋಕವೆಲ್ಲ ಅದರಲ್ಲಿ ರಾಜನೀತಿ, ತೆರಿಗೆ, ಗೂಢಚಾರರನ್ನು ಹುಡುಕಿತು. ಎರಡನೆಯ ಅಧಿಕರಣದಲ್ಲಿ ತಣ್ಣಗೆ ಕುಳಿತಿದ್ದ ಮುದ್ರಾಧ್ಯಕ್ಷನ ಕಡೆ ಹೆಚ್ಚು ಜನ ತಿರುಗಲಿಲ್ಲ. ಒಂದು ಮಾಷ ತೆತ್ತವನಿಗೆ ಈತ ಮುದ್ರೆ ಕೊಡುತ್ತಾನೆ. ಮುದ್ರೆಯಿದ್ದವನು ಜನಪದದೊಳಗೆ ಬರಬಹುದು, ಹೊರಗೆ ಹೋಗಬಹುದು. ಇಲ್ಲದೆ ಸಿಕ್ಕಿಬಿದ್ದ ನಾಡಿಗನಿಗೆ 12 ಪಣ ದಂಡ. ಇಂದಿನ 36 ಪುಟದ ಮುದ್ರೆಗೆ 1,500 ರೂಪಾಯಿ, ಅವಸರವಿದ್ದರೆ ತತ್ಕಾಲ್ ಎಂದು ಮೇಲೆ 2,000. ತತ್ತ್ವ ಮಾತ್ರ ಅದೇ.

ಇಷ್ಟೆಲ್ಲ ಯೋಚಿಸಿದ ಕೌಟಿಲ್ಯ ಒಂದು ಪ್ರಶ್ನೆಯನ್ನು ಮುಟ್ಟಲೇ ಇಲ್ಲ. ಮಾಷ ಹಿಡಿದು ಬಂದವನ ಹೆಸರು ಶಾಲೆಯ ವಹಿಯಲ್ಲಿ ಒಂದು, ಪಡಿತರ ಚೀಟಿಯಲ್ಲಿ ಇನ್ನೊಂದು ಆಗಿದ್ದರೆ ಮುದ್ರಾಧ್ಯಕ್ಷ ಏನು ಮಾಡಬೇಕು? ಆ ಲೋಪವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಹೊಣೆ. ಶಾಸ್ತ್ರಗ್ರಂಥದ ಆರಂಭದಲ್ಲಿ ಅನುಬಂಧ ಚತುಷ್ಟಯ ಹೇಳುವುದು ಸಂಪ್ರದಾಯವಾದ್ದರಿಂದ ಅದನ್ನೂ ಮುಗಿಸಿಬಿಡಬಹುದು. ವಿಷಯ: ಹಳೆಯ ದಾಖಲೆಗಳ ತಪ್ಪು. ಪ್ರಯೋಜನ: ಪಾಸ್‌ಪೋರ್ಟ್ ಪ್ರಾಪ್ತಿ. ಸಂಬಂಧ: ಆಧಾರ್‌ಗೂ ಪ್ಯಾನ್‌ಗೂ ಇರಬೇಕಾಗಿದ್ದು. ಅಧಿಕಾರಿ: ಊಟಕ್ಕೆ ಹೋಗಿದ್ದಾರೆ.

ಪ್ರಮಾಣ ಪ್ರಕರಣ

ಜ್ಞಾನಕ್ಕೆ ಪ್ರಮಾಣಗಳೆಷ್ಟು ಎಂಬ ಜಗಳ ನಮ್ಮ ದರ್ಶನಗಳಲ್ಲಿ ಇನ್ನೂ ಮುಗಿದಿಲ್ಲ. ಚಾರ್ವಾಕನಿಗೆ ಪ್ರತ್ಯಕ್ಷವೊಂದೇ ಸಾಕು. ಕುಮಾರಿಲ ಭಟ್ಟನ ಅನುಯಾಯಿಗಳಿಗೆ ಆರೂ ಬೇಕು. ಪಾಸ್‌ಪೋರ್ಟ್ ಸೇವಾ ಕೇಂದ್ರದ್ದು ಇವೆಲ್ಲಕ್ಕಿಂತ ಕಠಿಣ ದರ್ಶನ. ಅಲ್ಲಿ ಪ್ರತ್ಯಕ್ಷಕ್ಕೆ ಕವಡೆ ಕಿಮ್ಮತ್ತಿಲ್ಲ.

ದೃಷ್ಟಾಂತಕ್ಕೆ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳೋಣ. ಅರವತ್ತು ದಾಟಿದ ಮೇಲೆ ಮೊದಲ ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಇಂಥವರು ಕರ್ನಾಟಕದಲ್ಲಿ ಬೇಕಾದಷ್ಟು ಸಿಗುತ್ತಾರೆ. ಮಗಳು ಕ್ಯಾಲಿಫೋರ್ನಿಯಾದಲ್ಲಿ ತುಂಬಿದ ಬಸುರಿ, ಬಾಣಂತನಕ್ಕೆ ಅಮ್ಮ ಹೋಗಬೇಕು, ಹೆರಿಗೆ ಯಾವ ಕಚೇರಿಯ ಫೈಲಿಗೂ ಕಾಯುವುದಿಲ್ಲ. ಅಮ್ಮ ಹುಟ್ಟಿದ್ದು ಹಾಸನದ ಕಡೆಯ ಹಳ್ಳಿಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಟೋಕನ್ ಹಿಡಿದು ಎ ಕೌಂಟರಿಗೆ ಬಂದರು. ಫೋಟೊ ತೆಗೆದರು. ಪಾತ್ರೆ ತಿಕ್ಕಿ ಗೆರೆ ಸವೆದ ಬೆರಳುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಗಾಜಿನ ಮೇಲೆ ಒತ್ತಿಸಿ, ಯಂತ್ರ ಒಪ್ಪದೆ ಮತ್ತೆ ಒರೆಸಿ ಮತ್ತೆ ಒತ್ತಿಸಿದರು. ಅಲ್ಲಿಂದ ಬಿ ಕೌಂಟರ್.

‘ಅಮ್ಮಾ, ನೀವು ಹುಟ್ಟಿದ್ದಕ್ಕೆ ದಾಖಲೆ ಏನಿದೆ?’

‘ನಾನೇ ಇದೀನಲ್ಲಪ್ಪ.’

ಇದು ಶುದ್ಧ ಚಾರ್ವಾಕ ಮತ. ಕಂಪ್ಯೂಟರಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಅರ್ಥಾಪತ್ತಿಯೂ ನಡೆಯುವುದಿಲ್ಲ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಿರಬೇಕು ಎಂಬುದು ಮೀಮಾಂಸಕರ ಪ್ರಸಿದ್ಧ ಉದಾಹರಣೆ. ಇಬ್ಬರು ಮಕ್ಕಳ ತಾಯಿ, ಮೂರು ಮೊಮ್ಮಕ್ಕಳ ಅಜ್ಜಿ, ಆದ್ದರಿಂದ ಎಂದೋ ಹುಟ್ಟಿರಲೇಬೇಕು ಎಂದು ಅದೇ ದಾರಿಯಲ್ಲಿ ವಾದಿಸಿದರೆ ಕೌಂಟರಿನವರು ‘ಮುಂದಿನವರು ಬನ್ನಿ’ ಎನ್ನುತ್ತಾರೆ. ಉಳಿಯುವುದು ಶಬ್ದ ಪ್ರಮಾಣ, ಅದೂ ಸೀಲು ಬಿದ್ದ ಶಬ್ದ.

ಆದರೆ ಅನುಪಲಬ್ಧಿಯ ವಿಷಯದಲ್ಲಿ ಸರ್ಕಾರ ಭಾಟ್ಟ ಪಂಥಕ್ಕೇ ಸೇರಿದ್ದು ಎಂಬುದಕ್ಕೆ ಪುರಾವೆಯಿದೆ. ಇಲ್ಲದಿರುವುದನ್ನು ಅರಿಯುವುದೂ ಒಂದು ಪ್ರತ್ಯೇಕ ಜ್ಞಾನ ಎಂದು ಭಾಟ್ಟರು ಹೇಳಿದರು, ಪ್ರಾಭಾಕರರು ಒಪ್ಪಲಿಲ್ಲ. ಜನನ ನೋಂದಣಿ ಕಚೇರಿ ‘ವಹಿಯಲ್ಲಿ ಹುಡುಕಲಾಗಿ ಸದರಿ ಜನನ ಕಂಡುಬಂದಿರುವುದಿಲ್ಲ’ ಎಂದು ಕೊಡುವ ಹಿಂಬರಹ ಈ ಭಾಟ್ಟ ಜ್ಞಾನವೇ. ಈ ಅಲಭ್ಯತಾ ಪತ್ರವನ್ನು ಹಿಡಿದವನಿಗೆ ಮಾತ್ರ ತಡವಾಗಿ ಹುಟ್ಟುವ ಅವಕಾಶ. 1969ರ ಜನನ ಮರಣ ನೋಂದಣಿ ಕಾಯ್ದೆಯ 13(3)ನೆಯ ಸೆಕ್ಷನ್ ಪ್ರಕಾರ ಒಂದು ವರ್ಷ ದಾಟಿದ ಜನನವನ್ನು ನೋಂದಾಯಿಸಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ತಿದ್ದುಪಡಿ ಈ ಕೆಲಸವನ್ನು ನ್ಯಾಯಾಲಯದಿಂದ ಬಿಡಿಸಿ ಜಿಲ್ಲಾ ಮತ್ತು ಉಪವಿಭಾಗ ಮ್ಯಾಜಿಸ್ಟ್ರೇಟರಿಗೆ ಒಪ್ಪಿಸಿತು. ಅರವತ್ತೈದು ವರ್ಷದ ಅಜ್ಜಿ ಇಂದು ಎ.ಸಿ. ಕಚೇರಿಯ ಮೊಹರಿನಿಂದ ಹೊಸದಾಗಿ ಹುಟ್ಟಬಹುದು.

ಒಂದು ಕಾಲಕ್ಕೆ 1989ರ ಜನವರಿ 26ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಪಾಸ್‌ಪೋರ್ಟಿಗೆ ಜನನ ಪ್ರಮಾಣಪತ್ರವೇ ಬೇಕಿತ್ತು. 2016ರ ಡಿಸೆಂಬರಿನಲ್ಲಿ ವಿದೇಶಾಂಗ ಸಚಿವಾಲಯ ಈ ಗಂಟನ್ನು ಸಡಿಲಿಸಿ ಶಾಲೆಯ ಟಿ.ಸಿ., ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪ್ಯಾನ್, ಆಧಾರ್, ಡ್ರೈವಿಂಗ್ ಲೈಸೆನ್ಸ್, ಮತದಾರರ ಚೀಟಿ ಯಾವುದಾದರೂ ನಡೆಯುತ್ತದೆ ಎಂದಿತು. ಅದೇ ಪಟ್ಟಿಯಲ್ಲಿ ಸಾರ್ವಜನಿಕ ವಿಮಾ ಕಂಪನಿಯ ಪಾಲಿಸಿ ಬಾಂಡ್ ಕೂಡ ಸೇರಿದೆ. ಮನುಷ್ಯ ಸತ್ತರೆ ಯಾರಿಗೆ ಎಷ್ಟು ಎಂದು ಬರೆದ ಕಾಗದವೇ ಆತ ಹುಟ್ಟಿದ್ದಕ್ಕೂ ಸಾಕ್ಷಿ. ಉಪನಿಷತ್ತಿನ ಋಷಿಗಳಿಗೂ ಹೊಳೆಯದ ಸಮನ್ವಯ ಇದು.

ಜನ್ಮ ಪ್ರಕರಣ

ಕರ್ನಾಟಕದ ಒಂದು ಇಡೀ ತಲೆಮಾರು ಜೂನ್ 1ರಂದು ಹುಟ್ಟಿದೆ. ಇದಕ್ಕೆ ಗ್ರಹಗತಿಯೂ ಕಾರಣವಲ್ಲ, ಮುಂಗಾರೂ ಕಾರಣವಲ್ಲ. ಶಾಲೆ ತೆರೆಯುತ್ತಿದ್ದುದು ಆಗ. ಅಪ್ಪ ಮಗನನ್ನು ಎಳೆದುಕೊಂಡು ಬರುತ್ತಿದ್ದ. ಹೆಡ್‌ಮೇಷ್ಟ್ರು ಹುಡುಗನಿಗೆ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಲು ಹೇಳುತ್ತಿದ್ದರು. ಮುಟ್ಟಿದರೆ ಒಂದನೇ ಕ್ಲಾಸು, ಮುಟ್ಟದಿದ್ದರೆ ಮುಂದಿನ ವರ್ಷ. ಈ ಕರ್ಣಸ್ಪರ್ಶ ಪರೀಕ್ಷೆಯೇ ನಾಡಿನ ಮೊದಲ ಬಯೋಮೆಟ್ರಿಕ್ ವ್ಯವಸ್ಥೆ. ಕರೆಂಟು ಬೇಡ, ಸರ್ವರ್ ಡೌನ್ ಆಗುತ್ತಿರಲಿಲ್ಲ. ಕಿವಿ ಸಿಕ್ಕಿದ ಮೇಲೆ ಮೇಷ್ಟ್ರು ಅಂದಾಜಿಗೆ ವರ್ಷ ಎಣಿಸಿ, ತಿಂಗಳು ದಿನಾಂಕಕ್ಕೆ ಕೈಗೆ ಹತ್ತಿರವಿದ್ದುದನ್ನೇ ಬರೆಯುತ್ತಿದ್ದರು.

ಆ ದಾಖಲಾತಿ ವಹಿಯನ್ನು ಕಂಡವರಿಗೆ ಗೊತ್ತು. ಉದ್ದನೆಯ ಪುಸ್ತಕ, ಗೆದ್ದಲು ತಿಂದ ಅಂಚು, ಮಡಿಕೆಯಲ್ಲಿ ಹರಿದು ಗೋಂದು ಕಾಗದ ಅಂಟಿಸಿದ ಪುಟ. ಕ್ರಮಸಂಖ್ಯೆ, ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ತಾರೀಖು ಅಂಕಿಯಲ್ಲಿ, ಮತ್ತೆ ಅಕ್ಷರದಲ್ಲಿ. ಮೇಲಿನಿಂದ ಕೆಳಗೆ ಕಣ್ಣು ಹಾಯಿಸಿದರೆ 1-6, 1-6, 1-6, ನಡುವೆ ಪೋಸ್ಟ್‌ಮಾಸ್ತರರ ಮಗಳದ್ದೊಂದು ಮಾತ್ರ ನವೆಂಬರ್ 19. ಅಲ್ಲಲ್ಲಿ ನೀಲಿ ಶಾಯಿಯ 3ನ್ನು ಯಾರೋ 8 ಮಾಡಿದ್ದಾರೆ. ಅಕ್ಷರದ ಕಾಲಮಿನಲ್ಲಿ ‘ಮೂರು’ ಹಾಗೆಯೇ ಉಳಿದಿದೆ. ಮೂವತ್ತು ವರ್ಷದ ಮೇಲೆ ಆ ಐದು ವರ್ಷದ ವ್ಯತ್ಯಾಸ ಒಬ್ಬ ಮನುಷ್ಯನ ಫೈಲನ್ನು ತಿಂಗಳುಗಟ್ಟಲೆ ಕೂರಿಸುತ್ತದೆ.

ಜೂನ್ 1ರ ಜನನಕ್ಕೆ ಇನ್ನೊಂದು ಪರಿಣಾಮವಿದೆ. ತಿಂಗಳ ಮೊದಲ ದಿನ ಹುಟ್ಟಿದ ಸರ್ಕಾರಿ ನೌಕರ ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತನಾಗಬೇಕು. ಹಾಗಾಗಿ ಪ್ರತಿ ಮೇ 31ರಂದು ರಾಜ್ಯದ ಕಚೇರಿಗಳಲ್ಲಿ ಹಾರ ತುರಾಯಿ, ಶಾಲು, ಬಾದಾಮ್ ಹಾಲು. ಆ ಹೊತ್ತಿಗೆ ‘ನನ್ನ ನಿಜವಾದ ವಯಸ್ಸು ಇಷ್ಟಲ್ಲ’ ಎಂಬ ಸತ್ಯ ಹಲವರಿಗೆ ಹೊಳೆಯುತ್ತದೆ ಎಂದು ಸರ್ಕಾರ ಮೊದಲೇ ಊಹಿಸಿತ್ತು. ಕರ್ನಾಟಕ ರಾಜ್ಯ ನೌಕರರ ವಯಸ್ಸು ನಿರ್ಧಾರದ 1974ರ ಕಾಯ್ದೆ, ಇಲಾಖೆ ಒಪ್ಪಿಕೊಂಡ ಜನ್ಮದಿನಾಂಕವನ್ನು ತಿದ್ದಿಸಿಕೊಳ್ಳಲು ಮೂರು ವರ್ಷದ ಗಡುವು ಹಾಕಿದೆ.

ಇನ್ನು ಆಧಾರ್. ಮೊದಮೊದಲು ನೋಂದಣಿ ಮಾಡಿಸಿಕೊಂಡವರಲ್ಲಿ ವಯಸ್ಸನ್ನಷ್ಟೇ ಹೇಳಿದವರಿಗೆ ಜನವರಿ 1 ಬಂತು. ಶಾಲೆಯಲ್ಲಿ ಜೂನ್ 1, ಆಧಾರ್‌ನಲ್ಲಿ ಜನವರಿ 1, ತಾಯಿಯ ನೆನಪಿನಲ್ಲಿ ಗೌರಿ ಹಬ್ಬದ ಮಾರನೆಯ ಬೆಳಿಗ್ಗೆ: ಒಬ್ಬನೇ ಮನುಷ್ಯನಿಗೆ ಮೂರು ಜನ್ಮ, ಪುನರ್ಜನ್ಮ ಸಿದ್ಧಾಂತಕ್ಕೆ ಸರ್ಕಾರಿ ಮುದ್ರೆ. ಮೂರರಲ್ಲಿ ಸತ್ಯಕ್ಕೆ ಹತ್ತಿರವಿರುವುದು ಯಾವುದೆಂದು ಯಾರಿಗೂ ಅನುಮಾನವಿಲ್ಲ. ಅದಕ್ಕೆ ಮಾತ್ರ ಕಾಗದವಿಲ್ಲ. ಜಾತಕವಿದ್ದರೆ ಘಳಿಗೆ, ವಿಘಳಿಗೆಯ ಲೆಕ್ಕವೂ ಸಿಗುತ್ತದೆ, ಅಂದರೆ 24 ಸೆಕೆಂಡಿನಷ್ಟು ಸೂಕ್ಷ್ಮ. ಪಾಸ್‌ಪೋರ್ಟ್ ಕಚೇರಿಗೆ ಅಷ್ಟು ನಿಖರತೆ ಬೇಡ, ಅಂದಾಜು ದಿನಾಂಕಕ್ಕೆ ಸೀಲಿದ್ದರೆ ಸಾಕು. ಆಧಾರ್‌ನಲ್ಲಿ ಜನ್ಮದಿನಾಂಕವನ್ನು ಒಮ್ಮೆ, ಹೆಸರನ್ನು ಎರಡು ಸಲ ಮಾತ್ರ ತಿದ್ದಿಸಿಕೊಳ್ಳಬಹುದು. ಆ ಒಂದೇ ಅವಕಾಶವನ್ನು ಪಕ್ಕದ ಸೈಬರ್ ಸೆಂಟರಿನ ಹುಡುಗನ ಕೈಗೆ ಕೊಟ್ಟು ಇನ್ನೊಂದು ತಪ್ಪು ದಿನಾಂಕ ಹಾಕಿಸಿಕೊಂಡವರ ಕಥೆ ಬೇರೆ. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಅಪಘಾತ ಪರಿಹಾರದ ಮೊಕದ್ದಮೆಯೊಂದರಲ್ಲಿ, ವಯಸ್ಸಿಗೆ ಆಧಾರ್ ಪುರಾವೆಯಲ್ಲ, ಶಾಲೆ ಬಿಟ್ಟ ಪ್ರಮಾಣಪತ್ರವೇ ಮೇಲು ಎಂದಿತು. ಕಿವಿ ಮುಟ್ಟಿಸಿದ ಮೇಷ್ಟ್ರು ಕೊನೆಗೂ ಗೆದ್ದರು.

ನಾಮ ಪ್ರಕರಣ

ಪಾಸ್‌ಪೋರ್ಟ್ ಅರ್ಜಿ ಎರಡು ಹೆಸರು ಕೇಳುತ್ತದೆ: ಕೊಟ್ಟ ಹೆಸರು, ಉಪನಾಮ. ಹಳೆ ಮೈಸೂರಿನವರಿಗೆ ಎರಡನೆಯದು ಇಲ್ಲ, ಇನಿಷಿಯಲ್ ಇದೆ. ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಕುವೆಂಪು ಅವರನ್ನು ಬಿಡಿಸಿದರೆ ಕುಪ್ಪಳಿ ಎಂಬ ಊರು, ವೆಂಕಟಪ್ಪ ಎಂಬ ತಂದೆ, ಪುಟ್ಟಪ್ಪ ಎಂಬ ಸ್ವತಃ ಕವಿ ಸಿಗುತ್ತಾರೆ. ಉಪನಾಮದ ಕಾಲಮಿನಲ್ಲಿ ತಂದೆಯನ್ನು ಕೂರಿಸಿದರೆ ಹೊರದೇಶದ ವಿಮಾನ ನಿಲ್ದಾಣದಲ್ಲಿ ‘ಮಿಸ್ಟರ್ ವೆಂಕಟಪ್ಪ’ ಎಂದು ಕೂಗುತ್ತಾರೆ. ಮಗ ಅಪ್ಪನ ಹೆಸರಿಗೆ ಎದ್ದು ನಿಲ್ಲಬೇಕು. ಊರನ್ನು ಕೂರಿಸಿದರೆ ಕುಪ್ಪಳಿಯೇ ಎದ್ದು ನಿಲ್ಲಬೇಕು. ಅಂಬಿಕಾತನಯದತ್ತ ಎಂದು ಸಹಿ ಹಾಕಿದ ಬೇಂದ್ರೆಯವರು ತಾಯಿಯ ಹೆಸರಿನಿಂದಲೇ ತಮ್ಮನ್ನು ಗುರುತಿಸಿಕೊಂಡರು. ತಂದೆ ತಾಯಿಯರಲ್ಲಿ ಒಬ್ಬರ ಹೆಸರು ಸಾಕು ಎಂದು ಪಾಸ್‌ಪೋರ್ಟ್ ನಿಯಮ ಹೇಳಿದ್ದು 2016ರಲ್ಲಿ.

ಪುಸ್ತಕದ ಫೋಟೊ ಪುಟದ ಅಡಿಯಲ್ಲಿ ಯಂತ್ರ ಓದುವ ಎರಡು ಸಾಲುಗಳಿವೆ, ತಲಾ 44 ಮನೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದಂತೆ ಮೊದಲ ಸಾಲಿನಲ್ಲಿ ಹೆಸರಿಗೆ ಸಿಗುವುದು 39. ಪ್ರಬಂಧಕಾರ ಈ ದೃಷ್ಟಿಯಿಂದ ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ ಎಂಬ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದು, ‘ಗೌಡ’ವನ್ನು ಉಪನಾಮಕ್ಕೆ ತಂದು, ನಡುವಿನ ಬಾಣದ ಗುರುತುಗಳನ್ನೂ ಸೇರಿಸಿ ಲೆಕ್ಕ ಹಾಕಿದ್ದಾನೆ: 36 ಮನೆ ತುಂಬುತ್ತದೆ, ಮೂರು ಖಾಲಿ. ಹಾಸನ ಜಿಲ್ಲೆ ಅಂತರರಾಷ್ಟ್ರೀಯ ಮಾನದಂಡದೊಳಗೇ ಇದೆ.

ಉಪನಾಮವನ್ನು ಖಾಲಿ ಬಿಟ್ಟವರ ಪಾಡು ಬೇರೆ. ಅಮೆರಿಕದ ವೀಸಾದಲ್ಲಿ ಅವರ ಒಂದೇ ಹೆಸರನ್ನು ಉಪನಾಮಕ್ಕೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಹಾಕುತ್ತಾರೆ, ಮೊದಲ ಹೆಸರು ಗೊತ್ತಿಲ್ಲ ಎಂಬರ್ಥದಲ್ಲಿ. ಅಲ್ಲಿ ಇಳಿದ ಮೇಲೆ ಬ್ಯಾಂಕು, ಆಸ್ಪತ್ರೆ, ಲೈಸೆನ್ಸು ಎಲ್ಲ ಕಡೆ ಅದೇ ಹೆಸರಾಗಿ ಅಂಟಿಕೊಳ್ಳುತ್ತದೆ. ನಾಮಕರಣದಲ್ಲಿ ಅಜ್ಜಿ ಕಿವಿಯಲ್ಲಿ ಉಸುರದ ಹೆಸರು. 2022ರ ನವೆಂಬರಿನಲ್ಲಿ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಾಗ ಕರಾವಳಿಯ ಎಷ್ಟೋ ಮನೆಗಳಲ್ಲಿ ಪಾಸ್‌ಪೋರ್ಟು ಹೊರಗೆ ಬಂತು. ಒಳಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆಗಬಹುದು ಎಂಬ ಸ್ಪಷ್ಟನೆ ಆಮೇಲೆ ಬಂತು.

ಇದರ ಮೇಲೆ ರೋಮನ್ ಕಾಗುಣಿತ. ಮಂಡ್ಯದ ಗೌಡರಿಗೆ ‘ಡಬ್ಲ್ಯೂ’ ಇದೆ, ವಿಜಯಪುರದ ಗೌಡರಿಗೆ ‘ಯೂ’ ಇದೆ. ಲಕ್ಷ್ಮಿಯೊಳಗೆ ‘ಕೆಎಸ್‌ಎಚ್’ ಇರಬಹುದು, ‘ಎಕ್ಸ್’ ಇರಬಹುದು. ಬಸವರಾಜನ ಕೊನೆಗೆ ಒಂದು ‘ಎ’ ಇದ್ದರೂ ಇರಬಹುದು. ಕಂದಾಯ ದಾಖಲೆಗಳಲ್ಲಿ ಬಿನ್, ಕೋಂ, ಉರುಫ್ ಎಂಬ ಹಳೆಯ ಸಂಧಿಗಳು ಬೇರೆ. ಪಹಣಿಯಿಂದ ಹೆಸರು ಎತ್ತಿದ ಡೇಟಾ ಎಂಟ್ರಿ ಆಪರೇಟರ್ ‘ಕೋಂ’ ಅನ್ನೇ ಹೆಸರಿನ ಭಾಗವೆಂದು ಒಳಗೆ ಹಾಕಿಬಿಟ್ಟರೆ ಆಯಮ್ಮ ಬದುಕಿರುವಷ್ಟು ದಿನ ಕೋಂ ಆಗಿಯೇ ಇರಬೇಕು.

ಇಲ್ಲಿ ವೇದಾಂತದ ಹಳೆಯ ವಿವಾದ ಮತ್ತೆ ತಲೆಯೆತ್ತುತ್ತದೆ. ಕೋರ್ಟಿನ ಮುಂದೆ ಹೊಂಗೆ ಮರದಡಿ ಮೇಜು ಹಾಕಿದ ನೋಟರಿ ಅದ್ವೈತಿ. ಛಾಪಾ ಕಾಗದದ ಮೇಲೆ ‘ಮೇಲ್ಕಂಡ ಮೂರೂ ಹೆಸರುಗಳು ಒಬ್ಬಳೇ ವ್ಯಕ್ತಿಯವು’ ಎಂದು ಟೈಪ್ ಮಾಡಿಸಿ, ಜಯಮ್ಮ, ಜಯಲಕ್ಷ್ಮಮ್ಮ, ಸಣ್ಣಮ್ಮ ಎಂಬ ನಾಮರೂಪ ಭೇದಗಳೆಲ್ಲ ಮಿಥ್ಯೆ, ಹಿಂದಿರುವ ಅಮ್ಮ ಒಬ್ಬರೇ ಎಂದು ಸಾರುತ್ತಾನೆ. ಸಿ ಕೌಂಟರಿನ ಅಧಿಕಾರಿ ಉಡುಪಿಯ ಪರಂಪರೆಯವರು. ಅವರಿಗೆ ಭೇದ ಸತ್ಯ. ಮಧ್ವರು ಐದು ಭೇದ ಹೇಳಿದರು. ಇವರು ಆರನೆಯದನ್ನು ಸೇರಿಸಿದ್ದಾರೆ, ಅಕ್ಷರಕ್ಕೂ ಅಕ್ಷರಕ್ಕೂ ಇರುವ ಭೇದ. ಹಾಗೆಂದು ಅಧಿಕಾರಿಯನ್ನು ದೂರುವುದೂ ಸುಲಭವಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ 12ನೆಯ ಸೆಕ್ಷನ್ ಸುಳ್ಳು ಮಾಹಿತಿಗೆ ಎರಡು ವರ್ಷದವರೆಗೆ ಸೆರೆ ಹೇಳುತ್ತದೆ. ಸುಳ್ಳಿಗೂ ಮೇಷ್ಟ್ರ ಕೈತಪ್ಪಿಗೂ ಇರುವ ಗೆರೆಯನ್ನು ಅವರು ನಾಲ್ಕು ನಿಮಿಷದಲ್ಲಿ ಎಳೆಯಬೇಕು.

ಸ್ಥಾನ ಪ್ರಕರಣ

ಹೊಸಪೇಟೆಯಲ್ಲಿ 1950ರಲ್ಲಿ ಹುಟ್ಟಿ, ಎಂದೂ ಊರು ಬಿಡದ ಒಬ್ಬರನ್ನು ಗಮನಿಸಿ. ಹುಟ್ಟಿದ್ದು ಮದ್ರಾಸ್ ರಾಜ್ಯದಲ್ಲಿ. 1953ರಲ್ಲಿ ಮಲಗಿದ್ದಲ್ಲೇ ಮೈಸೂರು ರಾಜ್ಯಕ್ಕೆ ಬಂದರು. 1973ರ ನವೆಂಬರ್ 1ಕ್ಕೆ ಕರ್ನಾಟಕ. 2014ರ ನವೆಂಬರ್ 1ಕ್ಕೆ 12 ಊರುಗಳ ಇಂಗ್ಲಿಷ್ ಹೆಸರು ಬದಲಾದಾಗ ಅವರ ಊರಿನ ಕಾಗುಣಿತವೂ ಬದಲಾಯಿತು. 2021ರಲ್ಲಿ ಬಳ್ಳಾರಿ ಜಿಲ್ಲೆಯಿಂದ ವಿಜಯನಗರ ಜಿಲ್ಲೆಗೆ ದಾಟಿದರು. ಪಾಸ್‌ಪೋರ್ಟ್ ಇಲ್ಲದೆ ಇಷ್ಟು ಗಡಿ ದಾಟಿದವರು ಈಗ ಒಂದು ಗಡಿ ದಾಟಲು ಅರ್ಜಿ ಹಾಕಿದರೆ, ಹುಟ್ಟಿದ ಸ್ಥಳ ಯಾಕೆ ಒಂದೊಂದು ಕಾಗದದಲ್ಲಿ ಒಂದೊಂದು ಎಂಬ ಪ್ರಶ್ನೆ ಏಳುತ್ತದೆ. ರಾಮನಗರದವರದ್ದೂ ಇದೇ ಗತಿ: ಬೆಂಗಳೂರು, ಬೆಂಗಳೂರು ಗ್ರಾಮಾಂತರ, ರಾಮನಗರ, 2025ರಿಂದ ಬೆಂಗಳೂರು ದಕ್ಷಿಣ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಹುಟ್ಟಿದವರ ಬಗ್ಗೆ ಪ್ರಬಂಧಕಾರನಿಗೆ ತಮಾಷೆ ಹೊಳೆಯುವುದಿಲ್ಲ.

ಪರಿಹಾರ ಪ್ರಕರಣ

ಪೂರ್ವಪಕ್ಷ: ಏಜೆಂಟರಿಗೆ ದುಡ್ಡು ಕೊಟ್ಟರೆ ಎಲ್ಲ ಆಗುತ್ತದೆ. ಖಂಡನೆ: ಆಗುವುದಿಲ್ಲ. 2016ರಲ್ಲೇ ಅನುಬಂಧಗಳನ್ನು 15ರಿಂದ 9ಕ್ಕೆ ಇಳಿಸಿ, ಬಿಳಿ ಹಾಳೆಯಲ್ಲಿ ಸ್ವಯಂ ಘೋಷಣೆ ಸಾಕು, ನೋಟರಿ ಬೇಡ ಎಂದಿದ್ದಾರೆ. ಅದನ್ನು ಹೇಳದೆ ಛಾಪಾ ಕಾಗದ ಮಾರುವವರಿಗೇ ಏಜೆಂಟರೆಂದು ಹೆಸರು.

ಸಿದ್ಧಾಂತ ಸರಳ. ಬೇರಿನಿಂದ ಮೇಲಕ್ಕೆ ತಿದ್ದಿಸಬೇಕು. ಜನನ ವಹಿಯಲ್ಲಿ ತಪ್ಪಿದ್ದರೆ ಅದೇ 1969ರ ಕಾಯ್ದೆಯ 15ನೆಯ ಸೆಕ್ಷನ್‌ನಂತೆ ನೋಂದಣಾಧಿಕಾರಿಯೇ ಸರಿಪಡಿಸಬಲ್ಲರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜನ್ಮದಿನಾಂಕ ಹಟಮಾರಿ, ಅದಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿ ಬೇಕಾಗುತ್ತದೆ. ಆಮೇಲೆ ಆಧಾರ್, ಅದರ ಬೆನ್ನಿಗೆ ಪ್ಯಾನ್, ಕೊನೆಗೆ ಪಾಸ್‌ಪೋರ್ಟ್ ಅರ್ಜಿ. ಜನ ಮಾಡುವುದು ಉಲ್ಟಾ: ವಿಮಾನದ ಟಿಕೆಟ್ ಮೊದಲು, ಪಾಸ್‌ಪೋರ್ಟ್ ಆಮೇಲೆ, ಹುಟ್ಟುವುದು ಕೊನೆಗೆ. ಹೆಸರೇ ಪೂರ್ತಿ ಬೇರೆಯಾಗಿದ್ದರೆ ಪತ್ರಿಕಾ ಜಾಹೀರಾತು, ರಾಜ್ಯಪತ್ರದ ದಾರಿ ಇದೆ. ಒಂದಕ್ಷರದ ವ್ಯತ್ಯಾಸಕ್ಕೆ ಅಷ್ಟು ದೂರ ಹೋಗಬೇಕಿಲ್ಲ.

ಕಾಗದವೆಲ್ಲ ಸರಿಯಾದ ಮೇಲೂ ಫೈಲು ನಿಲ್ಲುವ ಒಂದು ಜಾಗವಿದೆ. ‘ಸ್ಟೇಷನ್ನಿಂದ ಮಾತಾಡ್ತಿರೋದು’ ಎಂಬ ಫೋನು ಬರುತ್ತದೆ. ಅಮ್ಮ ಗಾಬರಿಯಾಗಿ ಮಗನಿಗೆ ಕೊಡುತ್ತಾರೆ. ಅಮ್ಮ ಇರುವುದು ಬೆಂಗಳೂರಿನಲ್ಲಿ ಮಗನ ಫ್ಲ್ಯಾಟಿನಲ್ಲಿ, ಆಧಾರ್ ವಿಳಾಸ ಇರುವುದು ಹಳ್ಳಿಯಲ್ಲಿ. ಅಲ್ಲಿ ಪೇದೆ ಬೈಕು ನಿಲ್ಲಿಸಿ ನೋಡಿದರೆ ಬಾಗಿಲಿಗೆ ಬೀಗ, ಜಗಲಿಯ ಮೇಲೆ ಪಕ್ಕದ ಮನೆಯ ಕೋಳಿ. ‘ವಿಳಾಸದಲ್ಲಿ ವಾಸವಿಲ್ಲ’ ಎಂಬ ಒಂದು ಸಾಲಿನ ವರದಿ ಹೋಗುತ್ತದೆ. ಇದು ಪೇದೆಯ ತಪ್ಪಲ್ಲ, ಕೋಳಿಯದ್ದೂ ಅಲ್ಲ. ನಿಜವಾಗಿ ವಾಸವಿರುವ ವಿಳಾಸವನ್ನೇ ಕೊಟ್ಟು ಅರ್ಜಿ ಹಾಕಿದ್ದರೆ ಈ ಅಧ್ಯಾಯವೇ ಇರುತ್ತಿರಲಿಲ್ಲ. ಈಗ ಪ್ರಾದೇಶಿಕ ಕಚೇರಿಗೆ ಬರೆದು ಮರುಪರಿಶೀಲನೆ ಕೇಳಬೇಕು. ಬಾಕಿ ಫೈಲುಗಳಿಗೆ ಆಗಾಗ ಪಾಸ್‌ಪೋರ್ಟ್ ಅದಾಲತ್ ನಡೆಯುತ್ತದೆ. ಅದೂ ಆಗದಿದ್ದರೆ 10 ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದೊಳಗೆ ಫೈಲು ಯಾರ ಮೇಜಿನಲ್ಲಿದೆ ಎಂದಾದರೂ ತಿಳಿದುಕೊಳ್ಳಬಹುದು.

ಉತ್ತರ ಪ್ರಕರಣ

2025ರ ಫೆಬ್ರುವರಿಯ ತಿದ್ದುಪಡಿಯ ಪ್ರಕಾರ 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಪಾಸ್‌ಪೋರ್ಟಿಗೆ ಜನ್ಮದಿನಾಂಕದ ಪುರಾವೆ ಒಂದೇ, ಜನನ ಪ್ರಮಾಣಪತ್ರ. ಮೇಷ್ಟ್ರು, ಪಾಲಿಸಿ ಬಾಂಡ್ ಎಲ್ಲರೂ ಆಟದಿಂದ ಹೊರಗೆ. ಇದರಿಂದ ಈ ಶಾಸ್ತ್ರವೇ ಅಳಿಯುತ್ತದೆ ಎಂದು ಕೆಲವು ವಿದ್ವಾಂಸರ ಆತಂಕ. ಪ್ರಬಂಧಕಾರ ಅವರಿಗೆ ಯಾವುದಾದರೂ ಹೆರಿಗೆ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್ ಪಕ್ಕ ಅರ್ಧ ಗಂಟೆ ನಿಲ್ಲಲು ಸಲಹೆ ಮಾಡುತ್ತಾನೆ. ಮಗುವಿನ ಹೆಸರನ್ನು ಒಂದು ವರ್ಷ ಪುಕ್ಕಟೆ, ಶುಲ್ಕ ಕಟ್ಟಿದರೆ 15 ವರ್ಷದವರೆಗೂ ಸೇರಿಸಬಹುದು. ಅಪ್ಪ ಅಮ್ಮನ ಹೆಸರು ಮಾತ್ರ ಇವತ್ತೇ ಬೇಕು. ಎರಡು ರಾತ್ರಿ ನಿದ್ದೆಗೆಟ್ಟ ಅಪ್ಪ ಕೌಂಟರಿಗೆ ಒರಗಿ ನಿಂತಿದ್ದಾನೆ.

‘ಗೌಡಕ್ಕೆ ಡಬ್ಲ್ಯೂ ಹಾಕ್ಲಾ ಸಾರ್, ಯೂ ಹಾಕ್ಲಾ?’

‘ನಮ್ಮಪ್ಪನ್ನ ಕೇಳ್ಬೇಕು, ಒಂದ್ನಿಮಿಷ... ಆಮೇಲೆ ಚೇಂಜ್ ಮಾಡಬಹುದಲ್ವಾ ಮೇಡಂ?’

‘ಮಾಡಬಹುದು ಸಾರ್. ಅಫಿಡವಿಟ್ ತನ್ನಿ.’